ಅಮ್ಮ 33 ವರ್ಷ ಲ್ಯಾಬಿನಲ್ಲಿದ್ದಳು, ಆದರೆ ಬಾಯಿ ಬಿಡುತ್ತಿಲ್ಲ. ಏನು ಕೇಳಲಿ?

ಮಳೆಗಾಲ
ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ಅಮ್ಮನಿಗೆ 70 ತುಂಬುತ್ತದೆ. ಸೀರೆ, ಒಡವೆ ಏನೂ ಬೇಡ ಅಂದಿದ್ದಾಳೆ. ಅದಕ್ಕೆ ನಾನೂ ತಮ್ಮನೂ ಸೇರಿ ಅವಳ ಬದುಕಿನ ಬಗ್ಗೆ ನಲವತ್ತು ಪುಟದ ಪುಸ್ತಕ ಮಾಡಿಸಿ ಮನೆಯವರಿಗಷ್ಟೇ ಹಂಚೋಣ ಅಂತಿದ್ದೇವೆ. ಬಾಲ್ಯ, ಅಜ್ಜನ ಮನೆ, ಮದುವೆ, ನಮ್ಮ ತಂಟೆ ಎಲ್ಲ ಸರಾಗವಾಗಿ ಬಂತು. ಕೆಲಸದ ಹತ್ತಿರ ಬಂದಾಗ ಗಾಡಿ ನಿಂತುಬಿಟ್ಟಿದೆ.

ಅಮ್ಮ 1981ರಿಂದ 2014ರವರೆಗೆ ಮಲೆನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದಳು. ಅದರ ಬಗ್ಗೆ ಕೇಳಿದರೆ ಬರುವ ಉತ್ತರ ಇಷ್ಟೇ: "ರಕ್ತ ತಗೊಂಡೆ, ನೋಡಿದೆ, ಬರೆದು ಕೊಟ್ಟೆ. ಅದರಲ್ಲಿ ಏನಿದೆ ಬರೆಯೋಕೆ?"

ಊರಿನವರು ಇವತ್ತಿಗೂ ಅವಳನ್ನು 'ಸಿಸ್ಟರ್' ಅನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದಳಂತೆ. ಆಮೇಲೆ ಬೇಜಾರಾಗಿ ಬಿಟ್ಟಳಂತೆ.

ನನಗೆ ನೆನಪಿರುವುದು ಎರಡೇ. ಅವಳ ಬೆರಳ ತುದಿ ಯಾವಾಗಲೂ ನೇರಳೆ ಬಣ್ಣಕ್ಕಿರುತ್ತಿತ್ತು. ಮತ್ತೆ ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದಳು. ಅಲ್ಲಿಯವರೆಗೆ ನಮ್ಮನ್ನು ಮುಟ್ಟುತ್ತಿರಲಿಲ್ಲ. ಇದರಲ್ಲಿ ಪುಸ್ತಕ ಆಗುವುದಿಲ್ಲ. ಈ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ, ಏನು ಕೇಳಿದರೆ ಮಾತು ಹೊರಡುತ್ತದೆ?

ಬೆಣ್ಣೆದೋಸೆ
'ಸಿಸ್ಟರ್' ಪರವಾಗಿಲ್ಲ ಬಿಡಿ. ನಮ್ಮ ಚಿಕ್ಕಮ್ಮನನ್ನು ಓಣಿಯ ಮಕ್ಕಳೆಲ್ಲ 'ಸೂಜಿ ಆಂಟಿ' ಅನ್ನುತ್ತಿದ್ದವು. ತರಕಾರಿ ತರಲು ಹೊರಟರೂ ಓಡಿಹೋಗುತ್ತಿದ್ದವು.

ಹಳೇ ಮೈಕ್ರೋಸ್ಕೋಪ್
ತಂಗಿ, ನಾನೂ ಅದೇ ಕೆಲಸದಲ್ಲಿದ್ದವನು. ದಾವಣಗೆರೆ ಕಡೆ. ಈಗ ನಿವೃತ್ತ. 'ಅನುಭವ ಹೇಳಮ್ಮ' ಅಂತ ಕೇಳಬೇಡಿ. ಹಾಗೆ ಕೇಳಿದರೆ ನಾವು ಯಾರೂ ಬಾಯಿ ಬಿಡುವುದಿಲ್ಲ. ಸಾಮಾನಿನ ಹೆಸರು ಹೇಳಿ ಕೇಳಿ.

ಸಾಹ್ಲಿ ಟ್ಯೂಬ್ ನೆನಪಿದೆಯಾ ಅಂತ ಕೇಳಿ. ಹಿಮೋಗ್ಲೋಬಿನ್ ನೋಡುವ ಡಬ್ಬಿ ಅದು. ಎರಡು ಪಕ್ಕಕ್ಕೂ ಕಂದು ಗಾಜು, ನಡುವೆ ಟ್ಯೂಬು. ಮೊದಲು ಸ್ವಲ್ಪ ಆಸಿಡ್ ಹಾಕಿ, ಅದಕ್ಕೆ ಬೆರಳ ತುದಿಯ ರಕ್ತ ಬಿಟ್ಟು, ಐದು ನಿಮಿಷ ಕಾಯಬೇಕು. ರಕ್ತ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಹನಿ ಹನಿಯಾಗಿ ನೀರು ಹಾಕುತ್ತಾ, ಕಡ್ಡಿಯಲ್ಲಿ ಕಲಕುತ್ತಾ, ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಪಕ್ಕದ ಗಾಜಿನ ಬಣ್ಣಕ್ಕೆ ಸರಿಸಮ ಆದಲ್ಲಿ ನಿಲ್ಲಿಸಿ ಗೀಟು ಓದಬೇಕು. ಒಂದು ಹನಿ ಜಾಸ್ತಿ ಆದರೆ ಬಸುರಿಯ ರಕ್ತ ಚೆನ್ನಾಗಿದೆ ಅಂತ ಸುಳ್ಳು ಹೇಳಿದ ಹಾಗೆ. ಮೋಡ ಕವಿದ ದಿನ ಎಷ್ಟು ಒದ್ದಾಟ ಗೊತ್ತಾ? ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಕೇ ಇರುವುದಿಲ್ಲ. ನಿಮ್ಮ ತಾಯಿ ಹೇಗೆ ನೋಡುತ್ತಿದ್ದರು ಅಂತ ನನಗೇ ಕುತೂಹಲ.

ಆಮೇಲೆ ಬೆನೆಡಿಕ್ಟ್. ಮೂತ್ರದಲ್ಲಿ ಸಕ್ಕರೆ ಇದೆಯಾ ಅಂತ ನೋಡುವುದು. ನೀಲಿ ದ್ರಾವಣ ಐದು ಎಂಎಲ್, ಎಂಟು ಹನಿ ಮೂತ್ರ, ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿಯೇ ಉಳಿದರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ನಾಲ್ಕು ಪ್ಲಸ್, ಅಂದರೆ ಸಕ್ಕರೆ ತೀರಾ ಜಾಸ್ತಿ. ಆ ವಾಸನೆ ನನ್ನ ಅಂಗಿಯಿಂದ ಇನ್ನೂ ಹೋಗಿಲ್ಲ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಉಪ್ಪಿಟ್ಟು ತಿನ್ನುವಾಗ ಹೇಳುತ್ತಾಳೆ, ಬೇಕಂತಲೇ.

ಕಾಫಿಪುಡಿ
ಉಪ್ಪಿಟ್ಟು ತಿನ್ನುತ್ತಾ ಇದನ್ನು ಓದುತ್ತಿದ್ದೆ ಸಾರ್. ಧನ್ಯವಾದ.

ಬೆಣ್ಣೆದೋಸೆ
ರಕ್ತವನ್ನು ಟ್ಯೂಬಿಗೆ ಬಾಯಿಂದ ಹೀರುತ್ತಿದ್ದರಂತೆ, ಹೌದಾ? ಚಿಕ್ಕಮ್ಮ ಹೇಳುತ್ತಿದ್ದರು. ನಾವು ನಂಬಿರಲಿಲ್ಲ.

ಹಳೇ ಮೈಕ್ರೋಸ್ಕೋಪ್
ಹೌದು. ಪಿಪೆಟ್ಟಿಗೆ, ಅಂದರೆ ಅಳತೆಯ ಗಾಜಿನ ಕೊಳವೆಗೆ, ರಬ್ಬರ್ ನಳಿಕೆ, ಅದರ ತುದಿ ಬಾಯಲ್ಲಿ. ರಕ್ತ ಗೀಟಿನವರೆಗೆ ಬಂದ ಕೂಡಲೇ ನಾಲಿಗೆ ತುದಿಯಿಂದ ತಡೆಯಬೇಕು. ರಕ್ತಕಣ ಎಷ್ಟು ಬೇಗ ತಳಕ್ಕಿಳಿಯುತ್ತವೆ ಅಂತ ನೋಡುವ ಇಎಸ್‌ಆರ್ ಟ್ಯೂಬಿಗೂ ಹಾಗೇ. ಉಸಿರು ಸ್ವಲ್ಪ ಜಾಸ್ತಿ ಎಳೆದರೆ ಮುಗಿಯಿತು. ನನ್ನ ಬಾಯಿಗೆ ಎರಡು ಸಲ ಹೋಗಿದೆ. ಉಗಿದು, ಬಾಯಿ ಮುಕ್ಕಳಿಸಿ, ಮುಂದಿನ ಚೀಟಿ ಕೂಗುವುದು. ಹೆಪಟೈಟಿಸ್ ಬಿ ಲಸಿಕೆ ಅನ್ನುವ ಮಾತೇ ನಾವು ಕೇಳಿರಲಿಲ್ಲ.

ಗುಂಡಿ ಒತ್ತು
ಅದೆಲ್ಲ ಹಿಂದಿನ ಕಾಲ ಬಿಡಿ. ಈಗ ಮೆಷಿನ್‌ಗೆ ಟ್ಯೂಬ್ ಇಟ್ಟರೆ ಒಂದು ನಿಮಿಷದಲ್ಲಿ ಇಪ್ಪತ್ತು ಅಂಕಿ ಬರುತ್ತದೆ. ಗುಂಡಿ ಒತ್ತುವ ಕೆಲಸಕ್ಕೆ ಯಾಕಿಷ್ಟು ಭಾವುಕತೆ? ಯಾರೂ ಬೇಜಾರು ಮಾಡಿಕೊಳ್ಳಬೇಡಿ, ಇದ್ದದ್ದು ಹೇಳಿದೆ.

ರಾತ್ರಿಪಾಳಿ
ಬೇಜಾರಾಗಿದೆ. ನಾನು ಈಗಲೂ ಲ್ಯಾಬಿನಲ್ಲಿರುವವಳು.

ಹೋದ ಡೆಂಗಿ ಸೀಸನ್‌ನಲ್ಲಿ ನಡೆದದ್ದು ಹೇಳುತ್ತೇನೆ. ಆಸ್ಪತ್ರೆ ಹೆಸರು ಬೇಡ. ಹುಡುಗನೊಬ್ಬನ ಪ್ಲೇಟ್‌ಲೆಟ್ ಮೆಷಿನ್‌ನಲ್ಲಿ 18 ಸಾವಿರ ಬಂತು. ಮನೆಯವರು ಅಳುತ್ತಿದ್ದಾರೆ, ಪ್ಲೇಟ್‌ಲೆಟ್ ಚೀಲಕ್ಕೆ ಫೋನ್ ಮೇಲೆ ಫೋನ್. ಹುಡುಗ ನೋಡಿದರೆ ಮಂಚದ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಾನೆ. ನನಗೆ ಸರಿ ಅನ್ನಿಸಲಿಲ್ಲ. ಸ್ಲೈಡ್ ಮಾಡಿ ನೋಡಿದೆ. ಪ್ಲೇಟ್‌ಲೆಟ್‌ಗಳು ಸಾಬೂದಾನಿ ಅಂಟಿಕೊಂಡ ಹಾಗೆ ಗುಂಪು ಗುಂಪಾಗಿ ಕೂತಿದ್ದವು. ರಕ್ತ ಹೆಪ್ಪುಗಟ್ಟದಿರಲಿ ಅಂತ ಟ್ಯೂಬಿನಲ್ಲಿ ಇಡಿಟಿಎ ಹಾಕಿರುತ್ತಾರಲ್ಲ, ಕೆಲವರ ರಕ್ತಕ್ಕೆ ಅದು ಹೀಗೆ ಮಾಡುತ್ತದೆ. ಮೆಷಿನ್ ಆ ಗುಂಪನ್ನು ಪ್ಲೇಟ್‌ಲೆಟ್ ಅಂತ ಎಣಿಸುವುದೇ ಇಲ್ಲ. ಬೇರೆ ಟ್ಯೂಬಿನಲ್ಲಿ, ಸಿಟ್ರೇಟ್ ಹಾಕಿ ಮತ್ತೆ ಮಾಡಿದೆವು. ಲಕ್ಷದ ಮೇಲಿತ್ತು.

ಗುಂಡಿಯನ್ನು ಯಾರು ಬೇಕಾದರೂ ಒತ್ತಬಹುದು ಸಾರ್. ಬಂದ ಅಂಕಿಯನ್ನು ಯಾವಾಗ ನಂಬಬಾರದು ಅನ್ನುವುದಕ್ಕೆ ಸಂಬಳ.

ಗುಂಡಿ ಒತ್ತು
ಸರಿ. ಒಪ್ಪಿದೆ. ಹೆಸರು ಬದಲಾಯಿಸಿಕೊಳ್ಳಲು ಬರುತ್ತದಾ ಇಲ್ಲಿ?

ಬೆಣ್ಣೆದೋಸೆ
ಬರುವುದಿಲ್ಲ. ಅನುಭವಿಸಿ.

ಅಡ್ಯಾರ್ ಕನ್ನಡಿಗ
ಮಳೆಗಾಲ ಅವರೇ, ನಿಮ್ಮ ಅಮ್ಮನಿಗೆ ನಿರ್ಮಲಾ ಅವರ ಕತೆ ಹೇಳಿ. 'ಇದರಲ್ಲಿ ಏನಿದೆ' ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಸೆಲ್ಲಪ್ಪನ್ ನಿರ್ಮಲಾ 1985ರ ಕೊನೆಯಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ವಿದ್ಯಾರ್ಥಿನಿ. ವಯಸ್ಸು 32, ಮನೆಯಲ್ಲಿ ಸಣ್ಣ ಮಕ್ಕಳು. ಪ್ರಬಂಧಕ್ಕೆ ವಿಷಯ ಬೇಕಿತ್ತು. ಗೈಡ್ ಸುನೀತಿ ಸಾಲೊಮನ್ 'ಏಡ್ಸ್ ಇದೆಯಾ ನೋಡು' ಅಂದರು. ಆಗ ಎಲ್ಲರ ನಂಬಿಕೆ ಏನು ಗೊತ್ತಾ? ಆ ರೋಗ ಅಮೆರಿಕದ್ದು, ನಮ್ಮ ದೇಶಕ್ಕೆ ಬರುವುದಿಲ್ಲ. ಮದ್ರಾಸಿನಲ್ಲಿ ಏನೂ ಸಿಗುವುದಿಲ್ಲ ಅಂತ ಈಕೆಗೂ ಅನ್ನಿಸಿತ್ತು.

ಲೈಂಗಿಕ ಕೆಲಸದ ಹೆಣ್ಣುಮಕ್ಕಳನ್ನು ಹಿಡಿದಿಡುತ್ತಿದ್ದ ರಿಮ್ಯಾಂಡ್ ಹೋಮಿಗೆ ಹೋಗಿ ಎಂಬತ್ತಕ್ಕೂ ಹೆಚ್ಚು ಜನರ ರಕ್ತ ತೆಗೆದರು. ಕೈಗೆ ಗ್ಲೌಸ್ ಇಲ್ಲ. ಬಸ್ ದುಡ್ಡು ಉಳಿಸಲು ಗಂಡ ಗಾಡಿಯಲ್ಲಿ ಬಿಟ್ಟು ಬರುತ್ತಿದ್ದರು. ಸೀರಂ, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿ, ಇಡಲು ಬೇರೆ ಜಾಗ ಇಲ್ಲದೆ ಮನೆಯ ಫ್ರಿಜ್‌ನಲ್ಲಿ ಇಟ್ಟರು. ಮದ್ರಾಸಿನಲ್ಲಿ ಪರೀಕ್ಷೆಗೆ ಸೌಕರ್ಯವೇ ಇರಲಿಲ್ಲ. 1986ರ ಫೆಬ್ರವರಿಯಲ್ಲಿ ರಾತ್ರಿ ರೈಲಿಗೆ ಕಾಟ್ಪಾಡಿಗೆ ಹೋಗಿ, ಅಲ್ಲಿಂದ ವೆಲ್ಲೂರಿನ ಸಿಎಂಸಿ ಆಸ್ಪತ್ರೆ. ಸೋಂಕಿದ್ದರೆ ಬಣ್ಣದಿಂದ ತೋರಿಸುವ ಎಲೈಸಾ ಟೆಸ್ಟ್. ಆರು ಸ್ಯಾಂಪಲ್ ಹಳದಿಗೆ ತಿರುಗಿದವು. ಮತ್ತೆ ರಕ್ತ ತೆಗೆದು ಅಮೆರಿಕಕ್ಕೆ ಕಳಿಸಿದರು. ಅಲ್ಲೂ ಖಚಿತ ಆಯಿತು. ಭಾರತದಲ್ಲಿ ಎಚ್‌ಐವಿ ಇದೆ ಅಂತ ದೇಶಕ್ಕೆ ಗೊತ್ತಾಗಿದ್ದು ಹಾಗೆ. ಮೇ ತಿಂಗಳಲ್ಲಿ ಆರೋಗ್ಯ ಮಂತ್ರಿ ಹಂಡೆಯವರು ತಮಿಳುನಾಡು ವಿಧಾನಸಭೆಯಲ್ಲಿ ಹೇಳಿದರು.

ಆಮೇಲೆ ಆಕೆ 1987ರಲ್ಲಿ ಪ್ರಬಂಧ ಒಪ್ಪಿಸಿ, ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸಕ್ಕೆ ಸೇರಿ, 2010ರಲ್ಲಿ ಸದ್ದಿಲ್ಲದೆ ನಿವೃತ್ತರಾದರು. ನಾನು ಚೆನ್ನೈನಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಆ ಹೆಸರು ಗೊತ್ತಿರುವವರು ನನಗೆ ಇಬ್ಬರು ಸಿಕ್ಕಿದ್ದಾರೆ.

ತಿದ್ದುಪಡಿ ತಾತ
ಅವರು ಡಾಕ್ಟರು. ಎಂಡಿ ವಿದ್ಯಾರ್ಥಿನಿ. ಟೆಕ್ನಿಷಿಯನ್ ಅಲ್ಲ. ಎರಡನ್ನೂ ಕಲಸಬೇಡಿ.

ರಾತ್ರಿಪಾಳಿ
ಸರಿ ತಾತ. ಆದರೆ ಫ್ರಿಜ್‌ನಲ್ಲಿ ಸೊಪ್ಪಿನ ಪಕ್ಕ ಸೀರಂ ಇಟ್ಟುಕೊಂಡವರನ್ನು ನಾವು ನಮ್ಮವರು ಅಂತಲೇ ಲೆಕ್ಕ ಹಾಕುತ್ತೇವೆ.

ತಿದ್ದುಪಡಿ ತಾತ
ಸೊಪ್ಪಿತ್ತು ಅಂತ ಯಾರು ಹೇಳಿದರು?

ಮೇಷ್ಟ್ರು
ಸೊಪ್ಪು ಬಿಡಿ, ಚೀನಾ ಗ್ರಾಸ್ ಬಗ್ಗೆ ಹೇಳುತ್ತೇನೆ. ಹಬ್ಬಕ್ಕೆ ಹಾಲು ಹಾಕಿ ತಟ್ಟೆಯಲ್ಲಿ ಗಟ್ಟಿ ಮಾಡಿ ಚೌಕ ಕತ್ತರಿಸುತ್ತೀರಲ್ಲ, ಅದೇ. ಲ್ಯಾಬಿನಲ್ಲಿ ಅದರ ಹೆಸರು ಅಗಾರ್. ಅದು ಲ್ಯಾಬಿಗೆ ಹೋಗಿದ್ದು ಒಬ್ಬ ಗೃಹಿಣಿಯಿಂದ.

ಫ್ಯಾನಿ ಹೆಸ್ ಅಂತ. ಹುಟ್ಟಿದ್ದು ನ್ಯೂಯಾರ್ಕ್, 1850. ಮದುವೆಯಾಗಿದ್ದು ಜರ್ಮನಿಯ ವೈದ್ಯ ವಾಲ್ಟರ್ ಹೆಸ್‌ನನ್ನು. ಗಂಡನ ಲ್ಯಾಬ್ ಕೆಲಸಕ್ಕೆ ಈಕೆ ಸಹಾಯಕಿ. ಮೈಕ್ರೋಸ್ಕೋಪಿನಲ್ಲಿ ಕಂಡದ್ದರ ಚಿತ್ರವನ್ನೂ ಬರೆದುಕೊಡುತ್ತಿದ್ದಳು. ಸಂಬಳ? ಕೇಳಬೇಡಿ. 1881ರಲ್ಲಿ ಆತ ಬರ್ಲಿನ್‌ನಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್ ಹತ್ತಿರ ಕೆಲಸ ಮಾಡುತ್ತಿದ್ದಾಗ ಬ್ಯಾಕ್ಟೀರಿಯಾ ಬೆಳೆಸಲು ಜೆಲಟಿನ್ ಹಾಕುತ್ತಿದ್ದರು. ಸೆಕೆಗೆ ಕರಗಿ ನೀರಾಗುತ್ತಿತ್ತು. ನಮ್ಮ ಮೈ ಬಿಸಿಗೇ ಕರಗುವ ವಸ್ತು ಅದು. ಸಾಲದ್ದಕ್ಕೆ ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದುಹಾಕುತ್ತಿದ್ದವು. ನಿನ್ನ ಪುಡ್ಡಿಂಗು, ಜೆಲ್ಲಿ ಈ ಸೆಕೆಗೂ ಹೇಗೆ ನಿಲ್ಲುತ್ತವೆ ಅಂತ ಗಂಡ ಕೇಳಿದ. ಅಗಾರ್ ಹಾಕುತ್ತೇನೆ ಅಂದಳು. ಜಾವಾದಲ್ಲಿದ್ದು ಬಂದ ನೆರೆಯವರಿಂದ ಕಲಿತ ಅಡಿಗೆ ಅದು.

ಮರುವರ್ಷ, 1882ರಲ್ಲಿ, ಕಾಕ್ ಕ್ಷಯದ ಬ್ಯಾಕ್ಟೀರಿಯಾ ಬಗ್ಗೆ ಬರೆದ ಲೇಖನದಲ್ಲಿ ಅಗಾರ್ ಹೆಸರಿದೆ. ಹೆಸ್ ಹೆಸರಿಲ್ಲ. ಗಂಡನದೂ ಇಲ್ಲ, ಹೆಂಡತಿಯದಂತೂ ಇಲ್ಲವೇ ಇಲ್ಲ. ಇವತ್ತಿಗೂ ಪ್ರಪಂಚದ ಎಲ್ಲ ಲ್ಯಾಬಿನ ತಟ್ಟೆಯಲ್ಲಿ ಅದೇ ಅಗಾರ್.

ಕಾಫಿಪುಡಿ
ಇದು ಗೊತ್ತೇ ಇರಲಿಲ್ಲ! ಅಂದ ಹಾಗೆ ಚೀನಾ ಗ್ರಾಸ್ ನನಗೆ ಒಂದು ಸಲವೂ ಸರಿ ಬಂದಿಲ್ಲ. ಅಲ್ಲಾಡುತ್ತಲೇ ಇರುತ್ತದೆ. ಅಳತೆ ಗೊತ್ತಿರುವವರು ಹೇಳಿ.

ತಿದ್ದುಪಡಿ ತಾತ
ವಿಷಯಕ್ಕೆ ಬನ್ನಿ.

ಉಣುಗು ಕಚ್ಚಿದವ
ಮಳೆಗಾಲ ಅವರೇ, ಮಲೆನಾಡು ಅಂದಿರಿ. ಅಮ್ಮನಿಗೆ ಮಂಗನ ಕಾಯಿಲೆ ಬಗ್ಗೆ ಕೇಳಿದ್ದೀರಾ? ನಮ್ಮದು ಸೊರಬದ ಕಡೆ. 1957ರಲ್ಲಿ ಅದು ಮೊದಲು ಕಂಡದ್ದು ನಮ್ಮ ಕ್ಯಾಸನೂರು ಕಾಡಿನಲ್ಲೇ. ಪ್ರಪಂಚದ ಪುಸ್ತಕದಲ್ಲೆಲ್ಲ ಆ ರೋಗಕ್ಕೆ ನಮ್ಮ ಕಾಡಿನ ಹೆಸರು. ಹೆಮ್ಮೆ ಪಡಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಮೊದಲು ಮಂಗ ಸಾಯುತ್ತವೆ. ಆಮೇಲೆ ದರಗು ತರಲು, ಸೌದೆ ತರಲು ಹೋದವರಿಗೆ ಜ್ವರ. ಉಣುಗು ಕಚ್ಚಿ ಬರುವುದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಅಂತ ಕಂಡುಹಿಡಿದರು. ಅದರ ಮೇಲೆ ಕೆಲಸ ಮಾಡಿದ ಲ್ಯಾಬಿನವರಿಗೂ ಜ್ವರ ಅಂಟಿದ್ದುಂಟು.

ನಮ್ಮ ಮಾವನಿಗೆ ಬಂದಾಗ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಜ್ವರ, ಕಣ್ಣು ಕೆಂಪು, ಬಿಳಿ ರಕ್ತಕಣ ಇಳಿದುಹೋಗಿತ್ತು. ಲ್ಯಾಬಿನಲ್ಲಿದ್ದ ಅಮ್ಮ ರಕ್ತ ತೆಗೆಯುವ ಮೊದಲು ಒಂದೇ ಮಾತು ಕೇಳಿದರು: "ನಿಮ್ಮ ಕಡೆ ಮಂಗ ಬಿದ್ದಿದ್ದಾವಾ?" ಡಾಕ್ಟರು ಕೂಡ ಇನ್ನೂ ಕೇಳಿರಲಿಲ್ಲ. ಸ್ಯಾಂಪಲ್ ಐಸ್ ಡಬ್ಬಿಯಲ್ಲಿ ಇಟ್ಟು ಶಿವಮೊಗ್ಗದ ವೈರಸ್ ಲ್ಯಾಬಿಗೆ ಕಳಿಸಿದರು. ಮಾವ ಉಳಿದರು. ಆ ಅಮ್ಮನ ಹೆಸರು ನಾವು ಕೇಳಲೂ ಇಲ್ಲ.

ಬೆಣ್ಣೆದೋಸೆ
ಅಯ್ಯೋ, ಅವರೇ ಇವರಾಗಿದ್ದರೆ?

ಉಣುಗು ಕಚ್ಚಿದವ
ಇರಲಿಕ್ಕಿಲ್ಲ. ಇವರು ಗಿಡ್ಡಕ್ಕಿದ್ದರು, ತುಂಬಾ ಬೈಯುತ್ತಿದ್ದರು.

ಮಳೆಗಾಲ
ನನ್ನ ಅಮ್ಮನೂ ಗಿಡ್ಡಕ್ಕಿದ್ದಾಳೆ, ತುಂಬಾ ಬೈಯುತ್ತಾಳೆ. 😀 ಆದರೆ ಇದು ಮಲೆನಾಡಿನ ಅರ್ಧ ಅಮ್ಮಂದಿರ ವರ್ಣನೆ.

ಗುಂಡಿ ಒತ್ತು
ನಾನು ಪ್ರಾಯಶ್ಚಿತ್ತವಾಗಿ ಒಂದು ಕೇಳುತ್ತೇನೆ. ಬಸುರಿ ಹೌದೋ ಅಲ್ಲವೋ ಅಂತ ನೋಡಲು ಕಪ್ಪೆ ಇಟ್ಟುಕೊಳ್ಳುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಇದು ನಿಜವಾ, ಸುಮ್ನೆ ಕತೆಯಾ?

ಹಳೇ ಮೈಕ್ರೋಸ್ಕೋಪ್
ನಿಜ. ನನ್ನ ಕಾಲಕ್ಕಿಂತ ಹಿಂದಿನದು, ನನಗೆ ಕಲಿಸಿದ ಮೇಷ್ಟ್ರು ಮಾಡಿದ್ದರಂತೆ. ಗಂಡು ಕಪ್ಪೆಗೆ ಹೆಂಗಸಿನ ಮೂತ್ರವನ್ನು ಚುಚ್ಚುವುದು. ಎರಡು ಮೂರು ಗಂಟೆ ಬಿಟ್ಟು ಕಪ್ಪೆಯ ಮೂತ್ರವನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು. ವೀರ್ಯಾಣು ಕಂಡರೆ ಬಸುರಿ. ಮಳೆಗಾಲದಲ್ಲಿ ಕಪ್ಪೆ ಹಿಡಿಯುವ ಕೆಲಸ ಜವಾನನದು.

ಕಾಫಿಪುಡಿ
ಕಪ್ಪೆಗೆ ಗೊತ್ತಾದ ಮೇಲೆ ಅತ್ತೆಗೆ ಗೊತ್ತಾಗುವುದು ಅನ್ನಿ.

ರಾತ್ರಿಪಾಳಿ
ಅತ್ತೆ ಅಂದಾಗ ನೆನಪಾಯಿತು. ಮಳೆಗಾಲ ಅವರೇ, ಅಮ್ಮ ಯಾಕೆ ಬಾಯಿ ಬಿಡುತ್ತಿಲ್ಲ ಅಂತ ಇಲ್ಲಿ ಇನ್ನೂ ಯಾರೂ ಹೇಳಲಿಲ್ಲ. ನನಗನ್ನಿಸಿದ್ದು ಹೇಳುತ್ತೇನೆ.

ಸಣ್ಣ ಊರಿನಲ್ಲಿ ಲ್ಯಾಬಿನವಳಿಗೆ ಎಲ್ಲ ಗೊತ್ತಿರುತ್ತದೆ. ಮದುವೆಗೆ ಮೊದಲೇ ಯಾರು ಮೂತ್ರ ಪರೀಕ್ಷೆಗೆ ಬಂದಿದ್ದರು. ಊರ ಯಜಮಾನರ ವಿಡಿಆರ್‌ಎಲ್, ಅಂದರೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗದ ಪರೀಕ್ಷೆ, ಏನಿತ್ತು. ಮಕ್ಕಳಿಲ್ಲ ಅಂತ ಸೊಸೆಯನ್ನು ಬೈಯುವ ಮನೆಯಲ್ಲಿ ಮಗನ ವೀರ್ಯ ಪರೀಕ್ಷೆಯ ರಿಪೋರ್ಟ್ ಏನು ಬಂದಿತ್ತು. ಅದೇ ಅತ್ತೆ ದೇವಸ್ಥಾನದಲ್ಲಿ ಸಿಕ್ಕಿ, 'ನಮ್ಮ ಸೊಸೆ ಬಂಜೆ ಕಣಮ್ಮ' ಅಂತ ಪ್ರಸಾದ ಕೊಡುತ್ತಾ ಹೇಳುತ್ತಾಳೆ. ನಾವು ಪ್ರಸಾದ ತಿಂದು, ಕೈ ಒರೆಸಿಕೊಂಡು ಬರಬೇಕು. ನನಗೆ ಇದು ಆಗಿದೆ.

33 ವರ್ಷ ಹೀಗೆ ನುಂಗಿದವರಿಗೆ 'ಅನುಭವ ಹೇಳಮ್ಮ' ಅಂದರೆ ಎಲ್ಲಿಂದ ಶುರು ಮಾಡಬೇಕು? ಬಾಯಿಗೆ ಬರುವ ಪ್ರತಿ ಕತೆಯಲ್ಲೂ ಯಾರದೋ ಮನೆ ಇರುತ್ತದೆ.

ಬೆಣ್ಣೆದೋಸೆ
ಚಿಕ್ಕಮ್ಮನೂ ಮದುವೆ ಮನೆಗಳಲ್ಲಿ ಮೂಲೆ ಹಿಡಿದು ಕೂರುತ್ತಿದ್ದರು. ಅಹಂಕಾರ ಅಂತ ನಮ್ಮಮ್ಮ ಅನ್ನುತ್ತಿದ್ದಳು. ಛೆ.

ತಿದ್ದುಪಡಿ ತಾತ
ಇದನ್ನು ತಿದ್ದಲು ನನ್ನ ಹತ್ತಿರ ಏನೂ ಇಲ್ಲ.

ಹಳೇ ಮೈಕ್ರೋಸ್ಕೋಪ್
ಸತ್ಯ ಮಾತು ತಂಗಿ. ನಮ್ಮಲ್ಲಿ ರಿಪೋರ್ಟ್ ಚೀಟಿಯನ್ನು ಮಡಚಿ ಕೊಡುವುದು ಅಂತ ಒಂದು ಅಭ್ಯಾಸ. ನಾಲ್ಕು ಮಡಿಕೆ. ಬರೆದದ್ದು ನಾಲ್ಕೇ ಅಕ್ಷರ ಇರುತ್ತದೆ. ಆದರೂ ನಾಲ್ಕು ಮಡಿಕೆ.

ಮಳೆಗಾಲ ಅವರೇ, ಕಫ ಪರೀಕ್ಷೆ ಬಗ್ಗೆಯೂ ಕೇಳಿ. ನಾವೆಲ್ಲ ಹೆಚ್ಚು ಸವೆದದ್ದು ಅಲ್ಲೇ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಇದೆಯಲ್ಲ, 1959ರದ್ದು, ನನಗೆ ತರಬೇತಿ ಆಗಿದ್ದು ಅಲ್ಲಿ. ಸ್ಲೈಡಿನ ಮೇಲೆ ಕಫ ಹಚ್ಚಿ, ಕೆಂಪು ಬಣ್ಣ ಸುರಿದು, ಕೆಳಗೆ ಉರಿ ಹಿಡಿದು ಆವಿ ಬರುವ ತನಕ ಕಾಯಿಸಬೇಕು. ಕುದಿಯಬಾರದು. ಆಮೇಲೆ ಆಸಿಡ್‌ನಲ್ಲಿ ತೊಳೆದರೆ ಎಲ್ಲದರ ಕೆಂಪೂ ಹೋಗುತ್ತದೆ, ಕ್ಷಯದ ಬ್ಯಾಕ್ಟೀರಿಯಾದ್ದು ಬಿಟ್ಟು. ಮೇಲೆ ನೀಲಿ. ನೀಲಿ ಹಾಳೆಯ ಮೇಲೆ ಕೆಂಪು ದಾರದ ಚೂರು ಬಿದ್ದ ಹಾಗೆ ಕಾಣುತ್ತದೆ. ಇಲ್ಲ ಅಂತ ಬರೆಯಬೇಕಾದರೆ ನೂರು ಕಡೆ ನೋಡಿರಬೇಕು. ಇದೆ ಅಂತ ಬರೆಯುವುದು ಸುಲಭ. ಇಲ್ಲ ಅಂತ ಬರೆಯುವುದಕ್ಕೆ ಕಣ್ಣು ಹೋಗುತ್ತದೆ.

ಮಳೆಗಾಲ
ಕ್ಷಮಿಸಿ, ಮೂರು ದಿನ ಬರಲಾಗಲಿಲ್ಲ. ಕಾರಣ ಕೇಳಿದರೆ ನಗುತ್ತೀರಿ.

ಹಳೇ ಮೈಕ್ರೋಸ್ಕೋಪ್ ಅವರು ಬರೆದದ್ದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿದೆ. ಬೀನ್ಸ್ ಹೆಚ್ಚುತ್ತಾ ಕೇಳುತ್ತಿದ್ದಳು. ಸಾಹ್ಲಿ ಟ್ಯೂಬಿನ ಹತ್ತಿರ ಚಾಕು ನಿಂತಿತು. "ಐದು ನಿಮಿಷ ಅಲ್ಲ, ಹತ್ತು ನಿಮಿಷ ಬಿಡಬೇಕು. ಐದಕ್ಕೇ ನೋಡಿದರೆ ಕಡಿಮೆ ಬರುತ್ತೆ. ಯಾರು ಇವರು? ಇವರ ರಿಪೋರ್ಟ್ ಎಲ್ಲ ತಪ್ಪೇ ಇರಬೇಕು" ಅಂದಳು. ಅಲ್ಲಿಂದ ಶುರುವಾದದ್ದು ರಾತ್ರಿ ಊಟದವರೆಗೆ ನಿಲ್ಲಲಿಲ್ಲ. ಬೀನ್ಸ್ ಪಲ್ಯ ತಮ್ಮ ಮಾಡಿದ.

ಮಳೆಗಾಲದಲ್ಲಿ ಬೆಳಕಿಗೆ ಏನು ಮಾಡುತ್ತಿದ್ದಳು ಅಂತ ಕೇಳಿದ್ದಿರಲ್ಲ? ಲ್ಯಾಬಿನ ಹಿಂಬಾಗಿಲು ತೆರೆದು ಜಗಲಿಗೆ ಬಂದು, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಟ್ಯೂಬು. ನೀರಿನ ಹನಿ ಹಾಕುವುದಕ್ಕೆ ಆಯಾ.

ಸ್ಲೈಡ್ ಮಾಡುವುದನ್ನೂ ತೋರಿಸಿದಳು. ಅಟ್ಟದ ಟ್ರಂಕಿನಲ್ಲಿ ಹಳೇ ಸ್ಲೈಡ್ ಎರಡಿದ್ದವು, ನನಗೆ ಗೊತ್ತೇ ಇರಲಿಲ್ಲ. ರಕ್ತದ ಬದಲು ಕುಂಕುಮ ಕಲಸಿದ ನೀರು. ಒಂದು ಹನಿ ಇಟ್ಟು, ಎರಡನೇ ಗಾಜನ್ನು ಓರೆಯಾಗಿ ಹಿಡಿದು, ಹನಿಗೆ ತಾಗಿಸಿ, ಅದು ಅಂಚಿಗೆ ಹರಡುವವರೆಗೆ ಒಂದು ಕ್ಷಣ ಬಿಟ್ಟು, ಒಂದೇ ಎಳೆತಕ್ಕೆ ಸರ್ರನೆ ತಳ್ಳಿದಳು. ಕುಂಕುಮ ತುದಿಯಲ್ಲಿ ಹಕ್ಕಿಯ ಗರಿಯ ಹಾಗೆ ತೆಳ್ಳಗಾಗಿ ಮುಗಿಯಿತು. ಈಗ ಅವಳ ಕೈ ಸ್ವಲ್ಪ ನಡುಗುತ್ತದೆ. ಲೋಟ ಹಿಡಿದರೂ ಕಾಣುತ್ತದೆ. ಗಾಜು ತಳ್ಳುವಾಗ ನಡುಗಲಿಲ್ಲ. ನಾನು ಆರು ಸಲ ಮಾಡಿದೆ. ಆರೂ ಸಲ ಮೆಟ್ಟಿಲು ಮೆಟ್ಟಿಲಾಗಿ ಬಂತು. "ಹೆದರಿಕೊಂಡು ತಳ್ಳಬೇಡ" ಅಂದಳು.

ಕಫದ ಮಾತಿಗೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದು ಹೇಳಿದಳು. ಹೆಸರು, ಊರು, ಇಸವಿ ಬರೆಯಬಾರದು ಅಂತ ಶರತ್ತು. ಒಮ್ಮೆ ಒಬ್ಬರದು 'ಇಲ್ಲ' ಅಂತ ಬರೆದು ಕೊಟ್ಟಳಂತೆ. ಅವತ್ತು ಎಪ್ಪತ್ತು ಚೀಟಿ ಇದ್ದವು, ಮನೆಯಲ್ಲಿ ನನಗೆ ಜ್ವರ ಬೇರೆ, ಅವಳು ಬೇಗ ಮನೆಗೆ ಬರಬೇಕಿತ್ತು. ನೂರು ಕಡೆ ನೋಡಿದೆನೋ ಇಲ್ಲವೋ ಅಂತ ರಾತ್ರಿ ಅನುಮಾನ ಹತ್ತಿತಂತೆ. ಬೆಳಿಗ್ಗೆ ಆರಕ್ಕೆ ಹೋಗಿ, ವಾಚ್‌ಮನ್ ಹತ್ತಿರ ಬೀಗದ ಕೈ ಇಸಿದುಕೊಂಡು, ಅದೇ ಸ್ಲೈಡ್ ಮತ್ತೆ ನೋಡಿದಳಂತೆ. ಮೂರು ಕಂಡವು. ನೂರು ಕಡೆಗೆ ಮೂರೇ ಮೂರು.

ಆ ಮನುಷ್ಯ ಆಗಲೇ ಊರಿಗೆ ಹೋಗಿದ್ದ. ಚೀಟಿಯಲ್ಲಿ ಹೆಸರು, ವಯಸ್ಸು ಬಿಟ್ಟರೆ ಏನೂ ಇಲ್ಲ. ಸಂತೆಗೆ ಬಂದೇ ಬರುತ್ತಾನೆ ಅಂತ ಮೂರು ವಾರ ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಳಂತೆ. ನನಗೆ ಇದು ನೆನಪಿದೆ! ಸಂತೆಯಿಂದ ಬರಿಗೈಯಲ್ಲಿ ಬಂದಳು ಅಂತ ಅಜ್ಜಿ ಬೈದದ್ದು. ಮೂರನೇ ವಾರ ಸಿಕ್ಕಿದ. ಮೆಣಸಿನಕಾಯಿ ಚೀಲ ಹೊತ್ತಿದ್ದನಂತೆ. ಎಲ್ಲರೆದುರು ಏನು ಹೇಳುವುದು? "ನಿಮ್ಮ ಚೀಟಿಗೆ ಸೀಲು ಹಾಕಲು ಮರೆತಿದ್ದೆ, ಬನ್ನಿ" ಅಂದಳಂತೆ.

ಔಷಧಿ ಶುರುವಾಯಿತು. ಆಮೇಲೆ ಏನಾಯಿತು ಅಂತ ಕೇಳಿದೆ. "ನನಗೇನು ಗೊತ್ತು? ನಮಗೆ ಬರೋದು ಚೀಟಿ ಮಾತ್ರ" ಅಂದಳು.

ಬೆಣ್ಣೆದೋಸೆ
ಸೀಲು ಹಾಕಲು ಮರೆತಿದ್ದೆ. ಅಬ್ಬಾ.

ಹಳೇ ಮೈಕ್ರೋಸ್ಕೋಪ್
ಹತ್ತು ನಿಮಿಷವೇ ಸರಿ. ಐದು ಅಂತ ಬರೆದದ್ದು ನನ್ನ ತಪ್ಪು. ಆದರೆ ರಿಪೋರ್ಟ್ ಎಲ್ಲ ತಪ್ಪಿರಲಿಲ್ಲ ಅಂತ ತಾಯಿಯವರಿಗೆ ಹೇಳಿ. ಕ್ಯೂ ಉದ್ದ ಇದ್ದ ದಿನ ಮಾತ್ರ ಸ್ವಲ್ಪ ಅವಸರ ಮಾಡಿದ್ದುಂಟು.

ಮಳೆಗಾಲ
ಹೇಳಿದೆ. "ನೋಡಿದೆಯಾ" ಅಂದಳು.

ಉಣುಗು ಕಚ್ಚಿದವ
ಮಂಗನ ಕಾಯಿಲೆ ಬಗ್ಗೆ ಕೇಳಿದಿರಾ?

ಮಳೆಗಾಲ
ಕೇಳಿದೆ. ನಿಮ್ಮ ಮಾವನಿಗೆ ಬಂದದ್ದು ಯಾವ ವರ್ಷ ಅಂತ ಅವಳೇ ತಿರುಗಿ ಕೇಳುತ್ತಿದ್ದಾಳೆ. ಖಾಸಗಿಯಾಗಿ ಬರೆಯುತ್ತೇನೆ, ಇಲ್ಲಿ ಬೇಡ.

ಅಡ್ಯಾರ್ ಕನ್ನಡಿಗ
ನಿರ್ಮಲಾ ಕತೆ ಹೇಳಿದಿರಾ? ಏನಂದರು?

ಮಳೆಗಾಲ
ಪೂರ್ತಿ ಕೇಳಿದಳು. "ರೈಲಿನಲ್ಲಿ ಐಸ್ ಕರಗಲಿಲ್ಲವಾ?" ಅಂದಳು. ಅಷ್ಟೇ.

ಕಾಫಿಪುಡಿ
ಎಲ್ಲ ಕಣ್ಣೀರು ಒರೆಸಿಕೊಂಡ ಮೇಲೆ ಯಾರಾದರೂ ನನ್ನ ಚೀನಾ ಗ್ರಾಸ್ ಅಳತೆ ಹೇಳುತ್ತೀರಾ? ಮಳೆಗಾಲ ಅವರೇ, ಅಮ್ಮನನ್ನೇ ಕೇಳಿ ನೋಡೋಣ.

ಮಳೆಗಾಲ
ಕೇಳಿದೆ. ಲೀಟರಿಗೆ 15 ಗ್ರಾಂ ಅಂತೆ. ಒಂದು ಗ್ರಾಂ ಹೆಚ್ಚು ಕಡಿಮೆ ಆಗಬಾರದಂತೆ.

ಕಾಫಿಪುಡಿ
ಮಾಡಿದೆ. ಹಲ್ಲಿಗೆ ಟಕ್ ಅನ್ನುತ್ತಿದೆ. ಗಂಡ ಒಂದು ತುಂಡು ನೆಲಕ್ಕೆ ಹಾಕಿ ನೋಡಿದರು, ಪುಟಿಯಿತು.

ರಾತ್ರಿಪಾಳಿ
ಅದು ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಅಳತೆ ಮಾರಾಯ್ತಿ!